ಏಳು ಬೀಜಗಳ ಮನೆತನ

ಮಲೆನಾಡಿನ ಮನೆಗೆ ಹೊಸಬರು ಬಂದರೆ ಕಾಲಿಗೆ ನೀರು, ಕೈಗೆ ಕಾಫಿ ಕೊಟ್ಟು, ಆಮೇಲೆ ಕೇಳುತ್ತೇವೆ: 'ನಿಮ್ಮ ಮೂಲ ಯಾವ ಕಡೆ?' ಇವತ್ತು ಆ ಪ್ರಶ್ನೆಯನ್ನು ಕಾಫಿಗೇ ಕೇಳೋಣ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಬೇರುಬಿಟ್ಟ ಈ ಗಿಡ ಕಡಲು ದಾಟಿ ಬಂದ ವಲಸಿಗ. ಅದರ ಮೂಲಪುರುಷನ ವಿಚಾರದಲ್ಲಿ ಇಂದಿಗೂ ಒಮ್ಮತವಿಲ್ಲ.

ಹಿರಿಯರು ಹೇಳುವ ಕಥೆ ನಿಮಗೆ ಗೊತ್ತು. ಮೆಕ್ಕಾ ಯಾತ್ರೆಗೆ ಹೋದ ಸೂಫಿ ಸಂತ ಬಾಬಾಬುಡನ್, ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು, ಮುಂದೆ ತಮ್ಮ ಹೆಸರನ್ನೇ ಪಡೆದ ಚಂದ್ರದ್ರೋಣ ಗಿರಿಯಲ್ಲಿ ಬಿತ್ತಿದರು. ಮೊಳೆಯುವ ಬೀಜ ಹೊರನಾಡಿಗೆ ಹೋಗಬಾರದೆಂದು ಅರಬರು ಹುರಿದೋ ಬೇಯಿಸಿಯೋ ಮಾರುತ್ತಿದ್ದರಂತೆ. ಅದಕ್ಕೇ ಸಂತರು ಹೊಟ್ಟೆಗೆ ಕಟ್ಟಿಕೊಂಡು ತಂದರು ಎಂದು ಕೆಲವರು, ಗಡ್ಡದಲ್ಲಿ ಅಡಗಿಸಿ ತಂದರು ಎಂದು ಇನ್ನು ಕೆಲವರು ಹೇಳುತ್ತಾರೆ. ಏಳು ಇಸ್ಲಾಮಿನಲ್ಲಿ ಪವಿತ್ರ ಸಂಖ್ಯೆ. ಕೈಯಲ್ಲಿ ಎಣಿಸಿದ್ದಕ್ಕಿಂತ ಭಕ್ತಿಯಿಂದ ಎಣಿಸಿದ ಲೆಕ್ಕ ಅದು ಎನಿಸುತ್ತದೆ.

ದೊಡ್ಡ ತಕರಾರು ಇರುವುದು ಕಾಲದ ಬಗ್ಗೆ. ಒಂದು ಪುಸ್ತಕ 1600 ಎಂದರೆ ಇನ್ನೊಂದು 1670, ಮತ್ತೊಂದು 1695 ಎನ್ನುತ್ತದೆ. ಇಲ್ಲಿ ಡಚ್ಚರ ಸಾಕ್ಷ್ಯ ನೆರವಿಗೆ ಬರುತ್ತದೆ. 1696ರಲ್ಲಿ ಅವರು ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾದ ಬಟಾವಿಯಾಕ್ಕೆ ಕಳಿಸಿದರು. ಅವು ನೆರೆಯಲ್ಲಿ ಹಾಳಾದ ಮೇಲೆ 1699ರಲ್ಲಿ ಮತ್ತೆ ಒಯ್ದರು. ಬಾಬಾಬುಡನ್ ಬಿತ್ತಿದ್ದು 1695ರಲ್ಲೇ ಆಗಿದ್ದರೆ, ಮರುವರ್ಷವೇ ಆ ಗಿಡದ ಮಕ್ಕಳು ಘಟ್ಟವಿಳಿದು ಹಡಗು ಹತ್ತುವುದು ಸಾಧ್ಯವಿಲ್ಲ. ಒಂದೋ ಸಂತರು ಬಹಳ ಮೊದಲೇ ತಂದಿರಬೇಕು, ಇಲ್ಲವೇ ಮಲಬಾರಿಗೆ ಅರಬರ ಹಡಗಿನಲ್ಲಿ ಬೇರೆಯೇ ಬೀಜ ಬಂದಿರಬೇಕು. ಜಾವಾದಿಂದ ಆ ಸಂತತಿ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್ ತಲುಪಿ, ಅಲ್ಲಿಂದ ಅಮೆರಿಕದ ತೋಟಗಳವರೆಗೂ ಹರಡಿತು.

ಇತ್ತ ಗಿರಿಯ ಗಿಡ ಬಹುಕಾಲ ಅಲ್ಲೇ ಸುತ್ತಮುತ್ತ ಉಳಿಯಿತು. ಸುಮಾರು 1830ರಲ್ಲಿ ಥಾಮಸ್ ಕ್ಯಾನನ್ ಎಂಬ ಯುರೋಪಿಯನ್ ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ತೋಟ ಮಾಡಿದ. ಅಲ್ಲಿಂದ ದೊರೆಗಳ ಎಸ್ಟೇಟುಗಳ ಕಾಲ. ಆಗಿನ ತಳಿಗೆ ಚಿಕ್ಕಮಗಳೂರಿನ ಹೆಸರಿನಿಂದಲೇ 'ಚಿಕ್' ಎನ್ನುತ್ತಿದ್ದರು. 1860ರ ದಶಕದಲ್ಲಿ ಕಾಂಡಕೊರಕ ಹುಳು, ಅದರ ಬೆನ್ನಿಗೇ ಎಲೆತುಕ್ಕು ರೋಗ ಬಂದು 'ಚಿಕ್' ಸೋತಿತು. ಅದರ ಜಾಗಕ್ಕೆ ಕೊಡಗಿನಿಂದ ತಂದ 'ಕೂರ್ಗ್' ಬಂತು. 1911ರಲ್ಲಿ ಕೆಂಟ್ ಎಂಬ ಪ್ಲಾಂಟರ್ ದೊಡ್ಡೇನಗುಡ್ಡ ತೋಟದಲ್ಲಿ ತುಕ್ಕು ತಡೆಯುವ ಒಂದು ಗಿಡ ಗುರುತಿಸಿದ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ನೆಲೆಯಾಯಿತು. ಲೈಬೀರಿಕಾ ಜಾತಿಯ ರಕ್ತ ಬೆರೆತ ಎಸ್. 288 ಮತ್ತು ಆ ಗಿಡದಿಂದ ಬಂದ ಕೆಂಟ್ ತಳಿ ಸೇರಿ ಅಲ್ಲಿ ಎಸ್. 795 ಹುಟ್ಟಿತು. ನಮ್ಮ ತೋಟಗಳಲ್ಲಿ ಇಂದಿಗೂ ಮನೆಮಾತಾಗಿರುವ ತಳಿ ಅದು.

ಇನ್ನೂ ಹಿಂದಕ್ಕೆ ಹೋದರೆ ಯೆಮನ್ ಕೂಡ ತವರಲ್ಲ. ಈ ಗಿಡದ ಜಾತಿಯಾದ ಅರೇಬಿಕಾ ಹುಟ್ಟಿದ್ದು ಆಫ್ರಿಕಾದಲ್ಲಿ, ಲಕ್ಷಾಂತರ ವರ್ಷಗಳ ಹಿಂದೆ, ಎರಡು ಜಾತಿಗಳ ಸಹಜ ಬೆರಕೆಯಿಂದ. ಅದರ ಹೆತ್ತವರಲ್ಲೊಂದು ಯೂಜಿನಿಯಾಯ್ಡಿಸ್; ಇನ್ನೊಂದು, ನಮ್ಮ ಬೇಲಿಯಾಚೆ ಬೆಳೆಯುವ ಅದೇ ರೊಬಸ್ಟಾ!

ಹಾಗಾಗಿ ಈ ಮನೆತನದಲ್ಲಿ ಶುದ್ಧ ರಕ್ತ ಹುಡುಕುವುದು ವ್ಯರ್ಥ. ಬೆರೆತದ್ದರಿಂದಲೇ ಅದು ಹುಟ್ಟಿತು. ಸೋತಾಗಲೆಲ್ಲ ಮತ್ತೆ ಬೆರೆತು ಬದುಕಿತು. ಬಾಬಾಬುಡನ್ನರ ದೊಡ್ಡತನ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ಇಸವಿಯ ಬಗ್ಗೆ ಜಗಳವಾಡಿದ ಪುಸ್ತಕಗಳೂ ಅವರ ಹೆಸರನ್ನು ಮಾತ್ರ ಬದಲಿಸಲಿಲ್ಲ.

ಒಂದು ಬಿನ್ನಹ. ಹಳೆಯ ತೋಟದ ಅಂಚಿನಲ್ಲೋ ಕಾಡಿನ ಮಗ್ಗುಲಲ್ಲೋ ತಾತನ ಕಾಲದ, ಹೆಸರು ಗೊತ್ತಿಲ್ಲದ ಕಾಫಿ ಗಿಡ ಕಂಡರೆ ಕೀಳುವ ಮೊದಲು ಬಾಳೆಹೊನ್ನೂರಿಗೆ ಒಂದು ಮಾತು ತಿಳಿಸಿ. ಪುಸ್ತಕಗಳು ಬರೆಯದೆ ಬಿಟ್ಟ ವಂಶಾವಳಿ ಆ ಗಿಡದ ಎಲೆಯಲ್ಲಿ ಉಳಿದಿರಬಹುದು.