ಅಫ್ಘಾನ್ ಚರ್ಚ್‌ನ ಗೋಡೆ ಮೇಲೆ ಯಾರ ಹೆಸರಿದೆ?

ನಾನು ಮುಂಬೈಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಊರು ವಿಜಯಪುರದ ಕಡೆ. ನಮ್ಮಪ್ಪ ಗೌಂಡಿ. ಹೋದ ಸಲ ಅವರು ಬಂದಾಗ ಕೊಲಾಬಾದ ಅಫ್ಘಾನ್ ಚರ್ಚ್‌ಗೆ ಕರ್ಕೊಂಡು ಹೋಗಿದ್ದೆ. ಇವತ್ತು ಆ ಕಟ್ಟಡದ ಬಗ್ಗೆ ನಾಲ್ಕು ಮಾತು.

ಅದರ ನಿಜವಾದ ಹೆಸರು ಸೇಂಟ್ ಜಾನ್ ದಿ ಇವ್ಯಾಂಜೆಲಿಸ್ಟ್ ಚರ್ಚ್. ಮೊದಲನೇ ಅಫ್ಘಾನ್ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. 1847ರಲ್ಲಿ ಅಡಿಗಲ್ಲು, 1858ರಲ್ಲಿ ಪ್ರತಿಷ್ಠೆ. ಗೋಪುರ ಮುಗಿದದ್ದು 1865ರಲ್ಲಿ. ಎತ್ತರ ಸುಮಾರು 198 ಅಡಿ. ಹಡಗಿನವರಿಗೆ ದೂರದಿಂದಲೇ ಗುರುತು ಸಿಗುತ್ತಿತ್ತು.

ನಕ್ಷೆ ಹೆನ್ರಿ ಕಾನಿಬೇರ್ ಅವರದು. ವೃತ್ತಿಯಿಂದ ಸಿವಿಲ್ ಇಂಜಿನಿಯರ್. ವಿಹಾರ್ ಕೆರೆಯಿಂದ ಮುಂಬೈಗೆ ಪೈಪ್‌ನಲ್ಲಿ ನೀರು ತಂದ ಯೋಜನೆಯನ್ನು ರೂಪಿಸಿದವರೂ ಇವರೇ. ಒಳಗಿನ ಟೈಲ್ಸ್, ಕಬ್ಬಿಣದ ಜಾಲರಿ ಪರದೆಯ ವಿನ್ಯಾಸ ಲಂಡನ್ನಿನ ವಿಲಿಯಂ ಬಟರ್‌ಫೀಲ್ಡ್ ಅವರದು. ಬಣ್ಣದ ಗಾಜು ವಿಲಿಯಂ ವೇಲ್ಸ್ ಅವರದು. ಡಿಸೈನ್ ಅಲ್ಲಿಂದ, ಕಲ್ಲು ಮತ್ತು ಕೈ ಇಲ್ಲಿನವು. ನಮಗೆಲ್ಲ ಗೊತ್ತಿರೋ ವ್ಯವಸ್ಥೆನೇ!

ಒಳಗೆ ಮಧ್ಯದಲ್ಲಿ ಎತ್ತರದ ಅಂಕಣ, ಎರಡೂ ಬದಿಗೆ ತಗ್ಗಿನ ಅಂಕಣ, ಕೊನೆಯಲ್ಲಿ ಪೂಜಾವೇದಿಯ ಭಾಗ. ನಡುವೆ ಸಾಲಾಗಿ ಚೂಪು ಕಮಾನುಗಳು. ನಾನು ಗಾಥಿಕ್ ಶೈಲಿ ಅಂತ ಶುರು ಮಾಡಿದೆ. ಅಪ್ಪ ತಡೆದರು: "ತಮ್ಮಾ, ದುಂಡ ಕಮಾನು ಗ್ವಾಡಿನ ಹೊರಗ ದಬ್ಬತೈತಿ. ಹಿಂಗ ಚೂಪ್ ಮಾಡಿದ್ರ ಭಾರ ನೆಟ್ಟಗ ಕೆಳಗ ಇಳೀತೈತಿ." ನನ್ನ ಎಂಟೆಕ್‌ಗಿಂತ ಇದು ಸಲೀಸು. ಉಳಿದ ದಬ್ಬಾಟವನ್ನ ತಡೆಯೋಕೆ ಹೊರಗಡೆ ಗೋಡೆಗೆ ಒತ್ತಾಗಿ ಕಲ್ಲಿನ ಆನಿಕೆಗಳಿವೆ.

ಆಮೇಲೆ ಸ್ಮಾರಕದ ಬರಹ ಓದಿ ಅರ್ಥ ಹೇಳಿದೆ. ಅಧಿಕಾರಿಗಳ ಹೆಸರು ವೇದಿಯ ಪಕ್ಕದ ಗೋಡೆಗಳ ಮೇಲಿವೆ. ಸಾಮಾನ್ಯ ಸಿಪಾಯಿಗಳದ್ದಿಲ್ಲ, ಅವರು ಬರೆಯಲಾಗದಷ್ಟು ಜನ ಅಂತ ಕಾರಣ ಕೊಟ್ಟಿದ್ದಾರೆ.

ಅಪ್ಪ ಹೊರಗೆ ಬಂದು ಗೋಪುರದ ತುದಿ ನೋಡಿದರು. "ಮತ್ತ, ಅಲ್ಲಿತನಾ ಕಲ್ಲ ಏರಿಸಿದವ್ರದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಎರಡು ಸಾಲು ಕೋಡ್ ತಿದ್ದಿದರೂ ಗಿಟ್‌ನಲ್ಲಿ ನನ್ನ ಹೆಸರು, ತಾರೀಖು, ಟೈಮ್ ಎಲ್ಲ ಉಳಿಯುತ್ತೆ. ಅಪ್ಪನ ಹೆಸರು ಅವರು ಕಟ್ಟಿದ ಒಂದು ಗೋಡೆ ಮೇಲೂ ಇಲ್ಲ.

ಆ ರಾತ್ರಿ ಅವರು ಕಟ್ಟಿದ ಮನೆಗಳನ್ನ ಒಂದೊಂದಾಗಿ ಕೇಳಿ ಫೋನ್‌ನಲ್ಲಿ ಬರ್ಕೊಂಡೆ. ನಲವತ್ತೊಂದಕ್ಕೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಬಂತು. ಪಟ್ಟಿ ಇನ್ನೂ ಮುಗಿದಿಲ್ಲ.

ನಿಮ್ಮ ಮನೇಲೂ ಕೇಳಿ ನೋಡಿ.