ಮೊದಲನೆಯ ಆಟದ ಕಂಪ್ಯೂಟರು: ಖರ್ಚಿನ ವಿಚಾರ

(ಮೆಹದಿಪಟ್ಟಣಂ ಭಾಗದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಆಟದ ಯಂತ್ರದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸೀತು. ನಾಡುನುಡಿಗಳ ವಿಷಯವನ್ನು ಬಲ್ಲ ಹಿರಿಯರು ಆಗಲೇ ಮಾತನಾಡಿದ್ದಾರೆ. ನಾವು ಎತ್ತಿಕೊಂಡಿರುವುದು ಮನೆಯ ವಿಷಯ. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ ಸಂಸಾರಗಳಲ್ಲಿ, ಹತ್ತನೆಯ ತರಗತಿ ಮುಗಿಸಿದ ಹುಡುಗನು ಒಂದು ದಿನ ಪಟ್ಟಿಯೊಂದನ್ನು ತಂದು ತಂದೆಯ ಮುಂದಿಡುತ್ತಾನೆ. ಮೊತ್ತ ಲಕ್ಷವನ್ನು ಮುಟ್ಟಿರುತ್ತದೆ. ತಂದೆಯವರು ಆಗದೆನ್ನುತ್ತಾರೆ, ಹುಡುಗ ಮಾತು ಬಿಡುತ್ತಾನೆ. ಆ ಪಟ್ಟಿಯನ್ನು ಹರಿದು ಹಾಕುವುದಕ್ಕೆ ಮೊದಲು ಒಮ್ಮೆ ಕೂತು ಓದಬೇಕೆಂಬುದಷ್ಟೇ ನಮ್ಮ ವಿನಂತಿ.

ಆಟವೆಂದೊಡನೆ ಜೂಜೆಂದು ಹೆದರುವ ತಾಯಂದಿರಿಗೆ ಒಂದು ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿಯೇ ಅಂಗೀಕರಿಸಿತು. ನಾವು ಹೇಳುತ್ತಿರುವ ಆಟಗಳು ಅವಲ್ಲ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ನಮ್ಮ ಅಕ್ಕನ ಹಿರಿಯ ಮಗನಿಗೆ 2019ರಲ್ಲಿ ಇಂಥದೇ ಯಂತ್ರವನ್ನು ಕೂಡಿಸಿಕೊಟ್ಟವರು ನಾವೇ. ಪ್ರೊಸೆಸರಿಗೆ ಧಾರಾಳವಾಗಿ ಖರ್ಚು ಮಾಡಿ, ಕೊನೆಯಲ್ಲಿ ಹಣ ಸಾಲದೆ, ಕ್ಯಾಬಿನೆಟ್ಟಿನ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್ ಸಾಕೆಂದುಬಿಟ್ಟೆವು. ಕರೆಂಟು ಹಂಚುವ ಡಬ್ಬಿ, ಅದರಲ್ಲೇನಿದೆ ಎಂಬುದು ನಮ್ಮ ಎಣಿಕೆ. ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಟಪ್ಪೆಂದು ಸದ್ದಾಗಿ ಮನೆಯೆಲ್ಲ ಸುಟ್ಟ ವಾಸನೆ. ಡಬ್ಬಿ ತಾನೊಂದೇ ಹೋಗಲಿಲ್ಲ. ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಆದ್ದರಿಂದ ಕಿರಿಯವನು 2026ರ ಜನವರಿಯಲ್ಲಿ ತನ್ನ ಪಟ್ಟಿ ತಂದಾಗ ಅಕ್ಕ ಕೇಳಿದ್ದು ಒಂದೇ ಮಾತು: “ತಮ್ಮಾ, ಈ ಸಲನೂ ಸುಟ್ಟರ ರೊಕ್ಕ ಎಲ್ಲಿಂದ ತರೂದು?” ಕಾಲೇಜಿನ ಫೀಸಿಗೆಂದು ಕೂಡಿಟ್ಟ ಹಣ ಅದು. ಉತ್ತರ ಹೇಳದೆ ನಾವು ಪಟ್ಟಿಯನ್ನು ಕೈಗೆ ತೆಗೆದುಕೊಂಡೆವು.

ಪಟ್ಟಿ ಕಾಲಕ್ಕೆ ತಕ್ಕುದಾಗಿರಲಿಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಳ್ಳತೊಡಗಿದ್ದರಿಂದ 2025ರ ಕೊನೆಗೆ ರ‍್ಯಾಮಿನ ಬೆಲೆ ವಿಪರೀತವಾಗಿ ಏರಿತ್ತು. ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಎಂಬ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ಎಲ್ಲಿಯೋ ನಡೆದ ಪೈಪೋಟಿಗೆ ಮೆಹದಿಪಟ್ಟಣದ ಹುಡುಗ ದಂಡ ತೆರಬೇಕಾಯಿತು.

ಎರಡನೆಯದಾಗಿ, ಹುಡುಗ ಕೇಳಿದ್ದು 4ಕೆ ಪರದೆ. ಸಾಧಾರಣ ಪೂರ್ಣ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳು. 4ಕೆಯಲ್ಲಿ ಸರಿಯಾಗಿ ಅದರ ನಾಲ್ಕರಷ್ಟು. ಆಟ ನುಣುಪಾಗಿ ಕಾಣಬೇಕಾದರೆ ಇಷ್ಟನ್ನೂ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 60 ಸಲ ಬರೆಯಬೇಕು. ಪರದೆಯ ಚುಕ್ಕೆಗಳು ಹೆಚ್ಚಾದಷ್ಟೂ ಕಾರ್ಡು ದುಬಾರಿ; ಕಾರ್ಡು ದುಬಾರಿಯಾದರೆ ಎಸ್‌ಎಂಪಿಎಸ್ಸೂ ದುಬಾರಿ. ಖರ್ಚು ಹುಟ್ಟುವುದು ಪರದೆಯಲ್ಲಿ. “ನೀನು ಆಡುವ ಆಟ ಯಾವುದಪ್ಪಾ?” ಎಂದು ಕೇಳಿದೆವು. “ವ್ಯಾಲರೆಂಟ್, ಮಾಮಾ” ಎಂದ. ಆ ಆಟಕ್ಕೆ ಹಣ ಕೊಡಬೇಕಾದದ್ದೂ ಇಲ್ಲ, ಭಾರಿ ಯಂತ್ರವೂ ಬೇಕಾಗಿಲ್ಲ. ಪರದೆ ಎಚ್‌ಡಿಗೆ ಇಳಿಯಿತು. ಪಟ್ಟಿಯ ಸೊಂಟ ಅಲ್ಲಿಯೇ ಸಣ್ಣದಾಯಿತು.

ಮುಂದಿನದು ಈ ಊರಿಗೇ ವಿಶೇಷವಾದ ಅನುಕೂಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಆಧಾರ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೈಟೆಕ್ ಸಿಟಿ, ಗಚ್ಚಿಬೌಲಿಗಳಂಥ ಕಚೇರಿಗಳ ಊರಿನಲ್ಲಿ ಕೈಬದಲಾಯಿಸುವ ಯಂತ್ರಗಳಿಗೆ ಕೊರತೆಯೇ? ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ, ಅಂದರೆ ಎಲ್ಲರೂ ಸಿಟಿಸಿ ಎನ್ನುವ ಪೇಟೆಯಲ್ಲಿ, ಹೊಸ ಸಾಮಾನಿನೊಡನೆ ಇಂಥ ಹಳೆಯವೂ ಸಿಗುತ್ತವೆ. ರ‍್ಯಾಮು ಒಳಗೇ ಇರುವುದರಿಂದ ಏರಿದ ಬೆಲೆಯ ಪೆಟ್ಟೂ ಕಡಿಮೆ.

ಆದರೆ ಅತ್ಯಂತ ಅಗ್ಗದ್ದನ್ನು ಹಿಡಿಯಬಾರದು. ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಿಂದಿನವು, ಒಂದೆರಡನ್ನು ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಸಾಮಾನ್ಯ ಐ5 ಪ್ರೊಸೆಸರಿನ ಕೋರುಗಳು ನಾಲ್ಕರಿಂದ ಆರಕ್ಕೆ ಏರಿದ್ದೂ ಆ ಪೀಳಿಗೆಯಲ್ಲಿಯೇ. ವ್ಯಾಲರೆಂಟ್ ಕೂಡ ವಿಂಡೋಸ್ 11ರ ಮೇಲೆ ಟಿಪಿಎಂ 2.0 ಇಲ್ಲದೆ ತೆರೆಯದು. ಪುಸ್ತಕದಂಥ ತೆಳು ಕ್ಯಾಬಿನೆಟ್ ನೋಡಲು ಚೆಂದ. ಅದರೊಳಗೆ ಗಿಡ್ಡ ಕಾರ್ಡು ಮಾತ್ರ ಹಿಡಿಸುತ್ತದೆ. ಎತ್ತರದ ಟವರನ್ನೇ ಕೇಳಬೇಕು, ದರ್ಜಿಯ ಟೇಪು ಜೇಬಿನಲ್ಲಿರಬೇಕು.

ಇನ್ನು ನಮ್ಮನ್ನು ಸುಟ್ಟ ಡಬ್ಬಿಯ ವಿಚಾರ. ದೊಡ್ಡ ಕಂಪನಿಗಳ ಕಚೇರಿ ಯಂತ್ರದಲ್ಲಿ ಎಸ್‌ಎಂಪಿಎಸ್ ಸಾಮಾನ್ಯವಾಗಿ ಗಟ್ಟಿಯಾದದ್ದೇ, ಆದರೆ ಶಕ್ತಿ ಮಿತ. ಅನೇಕವುಗಳಲ್ಲಿ ಪ್ಲಗ್ಗಿನ ಆಕಾರವೇ ಬೇರೆಯಾದ್ದರಿಂದ ಪೇಟೆಯ ಇನ್ನೊಂದು ಕೂರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟು ತಾನಾಗಿ ಕಾರ್ಡಿಗೆ 75 ವಾಟ್ ಕೊಡಬಲ್ಲದು. ಅಷ್ಟರಲ್ಲಿ ನಡೆಯುವ ಕಾರ್ಡಾದರೆ ಬೇರೆ ತಂತಿ ಬೇಡ. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡು 70 ವಾಟಿನದು. ಅದನ್ನು ಹೊಸದಾಗಿಯೇ, ಬಿಲ್ಲಿನೊಡನೆ ಕೊಂಡೆವು. ಬಿಲ್ಲು ಬೇಡವೆಂದರೆ ಶೇಕಡಾ 18ರ ಜಿಎಸ್‌ಟಿ ಉಳಿದೀತೆಂಬ ಆಸೆ ನಮಗೂ ಆಯಿತು. ವಾರಂಟಿ ಕೇಳುವ ದಿನ ಕೈಯಲ್ಲಿ ಏನಿರುತ್ತದೆಂದು ಹುಡುಗನೇ ಕೇಳಿದ.

ಯಂತ್ರದಲ್ಲಿ 8 ಜಿಬಿಯ ಒಂದೇ ರ‍್ಯಾಮಿತ್ತು. ಅಂಥದೇ ಹಳೆಯದೊಂದನ್ನು ಜೊತೆಗೂಡಿಸಿದೆವು, ಜೋಡಿಯಾದರೆ ವೇಗ ಹೆಚ್ಚು. ಒಂದು ಎಸ್‌ಎಸ್‌ಡಿ. ಬಣ್ಣದ ದೀಪಗಳನ್ನು ಹುಡುಗ ತಾನೇ ಹೊಡೆದುಹಾಕಿದ. ಪರದೆಯೂ ಸೇರಿ ಮೊತ್ತ ಮೊದಲ ಪಟ್ಟಿಯ ಅರ್ಧಕ್ಕಿಂತ ಕೆಳಗೆ ನಿಂತಿತು. ಅಂಗಡಿಯಲ್ಲಿ ಚೌಕಾಸಿಯೆಲ್ಲ ದಖನಿಯಲ್ಲಿ ಅವನದೇ. ಮನೆಗೆ ಬಂದು ಅವ್ವನಿಗೆ ಪ್ರತಿಯೊಂದು ಭಾಗವನ್ನೂ ಕನ್ನಡದಲ್ಲಿ ವಿವರಿಸಿದವನೂ ಅವನೇ. ಅಕ್ಕ ಎಲ್ಲವನ್ನೂ ಕೇಳಿ, ಸ್ವಿಚ್ಚು ಹಾಕುವಾಗ ಮಾತ್ರ ಅಡಿಗೆ ಕೋಣೆಗೆ ಹೋಗಿ ನಿಂತಳು.

ಹಳೆಯ ಸುಟ್ಟ ಡಬ್ಬಿಯನ್ನು ಅವಳು ಅಟ್ಟದ ಮೇಲೆ ಇನ್ನೂ ಇಟ್ಟಿದ್ದಾಳೆ. ಪಟ್ಟಿ ಹಿಡಿದು ಪೇಟೆಗೆ ಹೊರಟವರು ಯಾರಾದರೂ ನೋಡಬೇಕೆಂದರೆ ಇಳಿಸಿ ತೋರಿಸುತ್ತೇವೆ.