ಅಂಕಿ ತಲೆಕೆಳಗಾದರೆ ಉಸಿರಿನ ಗತಿ ಏನು?

ಇವತ್ತು ರಾಜಕೀಯ ಬೇಡ. ಒಂದು ಬೆರಳು, ಒಂದು ಪುಟ್ಟ ಪರದೆ, ಅದರೊಳಗಿನ ಎರಡು ಅಂಕಿ. ಇಷ್ಟರ ಬಗ್ಗೆ ಮಾತಾಡೋಣ.

2021ರ ಮೇ ತಿಂಗಳು. ಕೊರೊನಾದ ಎರಡನೇ ಅಲೆ. ಸ್ಟುಡಿಯೋದಲ್ಲಿ ವೈದ್ಯರೊಬ್ಬರನ್ನು ಕೂರಿಸಿಕೊಂಡು ವೀಕ್ಷಕರ ಕರೆ ತಗೊಳ್ತಿದ್ದೆ. ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಿಂದ ಹುಡುಗನೊಬ್ಬ ಫೋನ್ ಮಾಡಿದ. ಅಳುವ ದನಿ. "ಸರ್ರೀ, ನಮ್ಮಪ್ಪಗ ಆಕ್ಸಿಜನ್ ಎಂಬತ್ತಾರು ತೋರಸಾಕತ್ತೈತ್ರಿ. ಗಾಡಿ ಮಾಡೀವಿ, ಬೆಡ್ ಎಲ್ಲೂ ಇಲ್ಲ ಅಂತಾರ್ರಿ."

ವೈದ್ಯರು ಕೇಳಿದರು, "ಅಪ್ಪ ಏನು ಮಾಡ್ತಿದ್ದಾರೆ?"

"ರೊಟ್ಟಿ ತಿನ್ನಾಕತ್ತಾನ್ರಿ."

"ಮಷೀನ್ ತಿರುಗಿಸಿ ನೋಡಪ್ಪಾ."

ತಿರುಗಿಸಿದ. 98! ಕಡ್ಡಿ ಜೋಡಿಸಿದಂತೆ ಕಾಣುವ ಆ ಅಂಕಿಗಳನ್ನು ತಲೆಕೆಳಗಾಗಿ ಓದಿದರೆ 98 ಎಂಬುದು 86 ಆಗುತ್ತೆ. ಕಾಗದದ ಮೇಲೆ ಬರೆದು ತಿರುಗಿಸಿ ನೋಡಿ. ನಾವೆಲ್ಲ ನಕ್ಕೆವು.

ಆದರೆ ಅದೇ ವಾರ ಬಂದ ಇನ್ನೊಂದು ಕರೆ ನಗಿಸಲಿಲ್ಲ. ಕುಷ್ಟಗಿ ಕಡೆಯ ಮನೆ. ಪರದೆ ಮೇಲೆ ಎರಡು ಅಂಕಿ, 96 ಮತ್ತು 84. ದೊಡ್ಡದು ಆಕ್ಸಿಜನ್ ಅಂದುಕೊಂಡು ಮನೆಯವರು ಎರಡು ದಿನ ನಿಶ್ಚಿಂತೆಯಿಂದ ಇದ್ದರು. 96 ಇದ್ದದ್ದು ನಾಡಿಬಡಿತ! ಆಕ್ಸಿಜನ್ 84. ಆ ತಾಯಿ ಉಳಿಯಲಿಲ್ಲ. ಬೇಗ ಹೋಗಿದ್ದರೆ ಉಳೀತಿದ್ದರಾ? ಗೊತ್ತಿಲ್ಲ. ಆದರೆ ಆ ಎರಡು ದಿನ ಕಳೆದದ್ದು ಮನೆಯವರ ತಪ್ಪಲ್ಲ ಸ್ವಾಮಿ. ಯಾವ ಅಂಕಿ ಯಾವುದು ಅಂತ ಆ ಯಂತ್ರ ಅವರ ಭಾಷೆಯಲ್ಲಿ ಹೇಳಲೇ ಇಲ್ಲ. ಅದರ ಮೇಲಿದ್ದದ್ದು ಇಂಗ್ಲಿಷಿನ ನಾಲ್ಕು ಪುಟ್ಟ ಅಕ್ಷರ, ಅಷ್ಟೇ.

ಅಂಕಿ ತೋರಿಸೋದು ಬೇರೆ, ಅರ್ಥ ಆಗುವ ಹಾಗೆ ತೋರಿಸೋದು ಬೇರೆ.

ಈಗ ಗಾಳಿಯ ಲೆಕ್ಕಕ್ಕೆ ಬನ್ನಿ. ಕೊಪ್ಪಳದ ಪಕ್ಕ ಗಿಣಿಗೇರಾ, ಅಲ್ಲಾನಗರದ ಜನ ಕಾರ್ಖಾನೆಯ ಕರಿ ಬೂದಿ ಬಗ್ಗೆ ವರ್ಷಗಳಿಂದ ಹೇಳ್ತಿದ್ದಾರೆ. 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಶ್ರೀಗಳೇ ಬೀದಿಗಿಳಿದರು. ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಧೂಳು. ಕುಷ್ಟಗಿ ಕಡೆ ಕಲ್ಲು ಕ್ವಾರಿ. ಇಲ್ಲಿ ದಮ್ಮು, ಕೆಮ್ಮು ಅನ್ನೋದು ಮನೆಮಾತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಕೊಪ್ಪಳದ ಗಾಳಿಯ ಅಂಕಿ ಸಿಗುತ್ತೆ. 2015ರಲ್ಲಿ ಬಂದ ಈ ಸೂಚ್ಯಂಕಕ್ಕೆ ಆರು ಬಣ್ಣ, ಆರು ಹೆಸರು. ಒಳ್ಳೆಯ ಕೆಲಸ, ಇಲ್ಲ ಅನ್ನಲ್ಲ. ಆದರೆ 101ರಿಂದ 200ರವರೆಗೆ ಅದರ ಹೆಸರೇನು ಗೊತ್ತಾ? 'ಮಧ್ಯಮ'. ಮಧ್ಯಮ ಅಂದರೆ ಪರವಾಗಿಲ್ಲ ಅಂತ ತಾನೇ ನಾವು ತಿಳಿಯೋದು? ಅದರ ವಿವರಣೆ ಓದಿ: ಅಸ್ತಮಾ ಇದ್ದವರಿಗೆ ಉಸಿರಾಟದ ತೊಂದರೆ ಆಗಬಹುದು ಅಂತಿದೆ. ಅಂದರೆ ಆರೋಗ್ಯವಂತನಿಗೆ ಮಧ್ಯಮ, ದಮ್ಮಿನ ರೋಗಿಗೆ ಎಚ್ಚರಿಕೆ! ಇಬ್ಬರಿಗೂ ಒಂದೇ ಹೆಸರು. ಇನ್ನೊಂದು ಮಾತು. ಧೂಳಿನ ಆ ಅಂಕಿ 24 ಗಂಟೆಯ ಸರಾಸರಿ. ರಾತ್ರಿ ಎರಡು ಗಂಟೆಗೆ ಬಂದ ಹೊಗೆ ಸರಾಸರಿಯಲ್ಲಿ ಕರಗಿಹೋಗುತ್ತೆ. ರೋಗಿಯ ಎದೆಯಲ್ಲಿ ಕರಗಲ್ಲ.

ಹಾಗಾದರೆ ಹೇಗಿರಬೇಕು? ಮಾದರಿ ನಮ್ಮ ಮುಂದೆಯೇ ಇದೆ. ಅಸ್ತಮಾ ರೋಗಿಗಳು ಜೋರಾಗಿ ಊದುವ 'ಪೀಕ್ ಫ್ಲೋ ಮೀಟರ್' ನೋಡಿ. ಬ್ಯಾಟರಿಯೂ ಇಲ್ಲದ ಪ್ಲಾಸ್ಟಿಕ್ ಕೊಳವೆ. ರೋಗಿ ಚೆನ್ನಾಗಿದ್ದಾಗ ಊದಿದ ಅತಿ ಹೆಚ್ಚಿನ ಅಂಕಿಯೇ ಅಳತೆಗೋಲು. ಅದರ ಶೇಕಡಾ 80ಕ್ಕಿಂತ ಮೇಲಿದ್ದರೆ ಹಸಿರು. 50ರಿಂದ 80 ಹಳದಿ, ವೈದ್ಯರು ಬರೆದುಕೊಟ್ಟಂತೆ ಔಷಧ. 50ಕ್ಕಿಂತ ಕೆಳಗೆ ಕೆಂಪು, ತಕ್ಷಣ ಆಸ್ಪತ್ರೆ. ಅವನ ಅಂಕಿ, ಅವನ ಮಿತಿ, ಮುಂದೇನು ಮಾಡಬೇಕು ಅನ್ನೋದು, ಮೂರೂ ಒಂದೇ ಕಡೆ.

ಫೋನು, ವಾಚು, ಬೆರಳಿನ ಯಂತ್ರ ಮಾಡುವವರಿಗೆ ನನ್ನ ಮನವಿ ಇಷ್ಟೇ. ಆಕ್ಸಿಜನ್ ಅಂಕಿ ದೊಡ್ಡದಾಗಿರಲಿ, ನಾಡಿಬಡಿತ ಚಿಕ್ಕದಾಗಿ ಬೇರೆ ಜಾಗದಲ್ಲಿರಲಿ. ಮೇಲು ಯಾವುದು, ಕೆಳಗೆ ಯಾವುದು ಗೊತ್ತಾಗಲಿ. ಬಣ್ಣದ ಜೊತೆ ಕನ್ನಡದ ಒಂದು ಪದ ಇರಲಿ. ಕೆಂಪು, ಹಸಿರು ಬೇರ್ಪಡಿಸಿ ನೋಡಲಾಗದವರೂ ಇದ್ದಾರೆ. ಓದಲು ಬಾರದವರಿಗೆ ದನಿ ಇರಲಿ. "ಈಗಲೇ ಆಸ್ಪತ್ರೆಗೆ ಹೋಗಿ" ಅಂತ ಯಂತ್ರ ಕನ್ನಡದಲ್ಲಿ ಕೂಗಲಿ! ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು ಅನ್ನೋದೂ ಕಾಣಲಿ. ಇಳಿಯುತ್ತಾ ಇದೆಯಾ ಅನ್ನೋದೇ ಮುಖ್ಯ.

ನಿಮಗೂ ಒಂದು ಮಾತು. ಸಾಮಾನ್ಯವಾಗಿ ಆಕ್ಸಿಜನ್ 94 ಅಥವಾ ಹೆಚ್ಚಿರಬೇಕು. 94ಕ್ಕಿಂತ ಇಳಿದರೆ ವೈದ್ಯರಿಗೆ ತಿಳಿಸಿ, 90ಕ್ಕಿಂತ ಇಳಿದರೆ ತಡ ಮಾಡಬೇಡಿ. ಹಳೆಯ ಶ್ವಾಸಕೋಶದ ಕಾಯಿಲೆ ಇದ್ದವರ ಮಿತಿ ಬೇರೆ ಇರಬಹುದು, ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಣ್ಣನೆಯ ಬೆರಳು, ಉಗುರುಬಣ್ಣ ಇದ್ದರೆ ಅಂಕಿ ತಪ್ಪಬಹುದು. ಕಪ್ಪು ಚರ್ಮದವರಲ್ಲಿ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತೆ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೂ ಹೇಳಿದೆ. ಹಾಗಾಗಿ ಮಾತಾಡುವಾಗ ಏದುಸಿರು ಬರ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಅಂಕಿ ಎಷ್ಟೇ ಚೆನ್ನಾಗಿರಲಿ, ಆಸ್ಪತ್ರೆಗೆ ಹೊರಡಿ.

ಯಂತ್ರಕ್ಕಿಂತ ಮೊದಲು ಮನುಷ್ಯನ ಮುಖ ನೋಡಿ. ಯಂತ್ರ ಮಾಡುವವರೂ ಅದನ್ನೇ ನೋಡಿ ಮಾಡಲಿ.